ಅಳಿವೆಯ ಕೋಲುಗಳು

೨೦೦೯ರ ಫೆಬ್ರುವರಿ ೧೮, ಬುಧವಾರ. ಬೆಳಿಗ್ಗೆ ಮಂಜು ಇತ್ತು. ಹತ್ತರ ಹೊತ್ತಿಗೆ ಬಿಸಿಲು ಬಂತು.

"ಗುರುಗಳೇ, ನಾನು ಕಟ್ಟಿದ್ದಕ್ಕೆ ನಾನೇ ಬೀಗ ಹಾಕಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ಮೊರದಲ್ಲಿ ಹುಣಸೆಹಣ್ಣು ಹಾಕಿಕೊಂಡು ಬೀಜ ಬಿಡಿಸುತ್ತಿದ್ದರು. "ನೀನು ಮನೆ ಕಟ್ಟಿದ್ದು ಯಾವಾಗ?" ಎಂದರು.

"ಮನೆಯಲ್ಲ ಗುರುಗಳೇ. ಬರಹ."

ಶಿಷ್ಯನ ಹೆಸರು ಚೆನ್ನವೀರ. ಆಶ್ರಮದ ಓದುವ ಕೋಣೆಗೆ ಯಾರೋ ಭಕ್ತರು ಒಂದು ಕಂಪ್ಯೂಟರ್ ಕೊಟ್ಟಿದ್ದರು. ಅವನು ಅದರ ಮುಂದೆ ಕೂತು ಅಂತರ್ಜಾಲದ ಒಂದು ವಿಶ್ವಕೋಶಕ್ಕೆ ಬರೆಯುತ್ತಿದ್ದ. ಆ ವಿಶ್ವಕೋಶವನ್ನು ವಿದ್ವಾಂಸರ ಮಂಡಳಿಯೊಂದು ಬರೆಸುತ್ತಿರಲಿಲ್ಲ. ಓದುವವರೇ ಬರೆಯುತ್ತಿದ್ದರು. ಯಾರು ಬೇಕಾದರೂ ಸೇರಿಸಬಹುದು. ಯಾರು ಬೇಕಾದರೂ ತಿದ್ದಬಹುದು. ಸಂಬಳವಿಲ್ಲ. ಬರೆದ ಪುಟದ ಮೇಲೆ ಹೆಸರೂ ಇರುವುದಿಲ್ಲ.

ಅದರ ಮಾತು ಬಂದರೆ ಚೆನ್ನವೀರನಿಗೆ ಊಟದ ನೆನಪು ಇರುತ್ತಿರಲಿಲ್ಲ. ಈಗಲೂ ದೂರು ಹೇಳಲು ಬಂದವನು ಮೊದಲು ಹೊಗಳತೊಡಗಿದ.

"ನೀವೊಮ್ಮೆ ನೋಡಬೇಕು ಗುರುಗಳೇ! ಒಬ್ಬ ಬಸ್ ಕಂಡಕ್ಟರ್ ಧೂಮಕೇತುಗಳ ಮೇಲೆ ಬರೆಯುತ್ತಾನೆ. ಒಬ್ಬರು ಹಲ್ಲಿನ ಡಾಕ್ಟರು ಹಳೆಯ ಸೇತುವೆಗಳ ಮೇಲೆ ಬರೆಯುತ್ತಾರೆ. ನಾನು ಒಂದು ಪುಟ ಅರ್ಧಕ್ಕೆ ಬಿಟ್ಟು ಎದ್ದರೆ, ಮರುದಿನ ಬರುವಷ್ಟರಲ್ಲಿ ಅದು ಪೂರ್ತಿಯಾಗಿರುತ್ತದೆ. ಪೂರ್ತಿ ಮಾಡಿದವರು ಯಾರು? ಗೊತ್ತಿಲ್ಲ! ಯಾರೂ ಕರೆದಿಲ್ಲ, ಯಾರೂ ಹೇಳಿಲ್ಲ, ಹುತ್ತ ಬೆಳೆದ ಹಾಗೆ ಬೆಳೆಯುತ್ತಿದೆ."

"ಸಂತೋಷ. ಬೀಗ ಯಾಕೆ?"

ಚೆನ್ನವೀರನ ಮುಖ ಇಳಿಯಿತು.

"ಸಜ್ಜೆಯ ಮೇಲೆ ನಾನು ಒಂದು ಪುಟ ಬರೆದೆ. ನಮ್ಮ ಮನೆಯವರು ಸಜ್ಜೆ ಬೆಳೆದೇ ಬದುಕಿದವರು. ಬಿತ್ತನೆ, ಕಳೆ, ಕೊಯ್ಲು, ರೊಟ್ಟಿ, ಎಲ್ಲ ಬರೆದೆ. ಮೊನ್ನೆ ನೋಡಿದರೆ ಯಾರೋ ಕೈ ಹಾಕಿದ್ದಾರೆ. ಸಜ್ಜೆ ಮಳೆಯ ನೀರಿಗಷ್ಟೇ ಬರುವ ಬೆಳೆ ಎಂದು ನಾನು ಬರೆದಿದ್ದೆ. ಅದನ್ನು ಅಳಿಸಿ, ನೀರಿನ ಅನುಕೂಲ ಇದ್ದ ಕಡೆ ಬೇಸಿಗೆಯಲ್ಲೂ ಬೆಳೆಯುತ್ತಾರೆ ಎಂದು ಹಾಕಿದ್ದಾರೆ."

"ಅವರು ಹಾಕಿದ್ದು ಸುಳ್ಳೇ?"

ಚೆನ್ನವೀರ ಮೊರದಿಂದ ಒಂದು ಹುಣಸೆಬೀಜ ಎತ್ತಿಕೊಂಡ. "ಸುಳ್ಳಲ್ಲ. ವಿಚಾರಿಸಿದೆ. ಬೆಳೆಯುತ್ತಾರಂತೆ."

"ಮತ್ತೆ?"

"ಒಂದು ಮಾತು ಕೇಳಬಹುದಿತ್ತಲ್ಲ ಗುರುಗಳೇ! ಬರೆದವನು ನಾನಿದ್ದೇನೆ. ಸತ್ತಿಲ್ಲವಲ್ಲ!"

ಹೋದ ವಾರ ಅವನನ್ನು ಆ ವಿಶ್ವಕೋಶದ ನಿರ್ವಾಹಕರಲ್ಲಿ ಒಬ್ಬನನ್ನಾಗಿ ಮಾಡಿದ್ದರು. ನಿರ್ವಾಹಕನಾದವನು ಒಂದು ಪುಟಕ್ಕೆ ಬೀಗ ಹಾಕಬಹುದು. ಹಾಕಿದ ಮೇಲೆ ಬೇರೆಯವರು ಅದನ್ನು ತಿದ್ದಲಾಗುವುದಿಲ್ಲ. ಕರೆಂಟು ಬಂದ ಕೂಡಲೇ ಸಜ್ಜೆಯ ಪುಟವನ್ನು ಮೊದಲಿನಂತೆ ಮಾಡಿ ಬೀಗ ಹಾಕುವುದೆಂದು ಚೆನ್ನವೀರ ತೀರ್ಮಾನಿಸಿದ್ದ. ಹಾಕಬಾರದು ಎಂದು ಗುರುಗಳು ಹೇಳಿದರೆ, ಬರೆಯುವುದನ್ನೇ ಬಿಡುವುದೆಂದೂ ತೀರ್ಮಾನಿಸಿದ್ದ.

ಗುರುಗಳು ಮೊರವನ್ನು ಅವನ ಕಡೆಗೆ ತಳ್ಳಿದರು. "ಕರೆಂಟು ಬರಲು ಇನ್ನೂ ಹೊತ್ತಿದೆ. ಕೂತು ಇದನ್ನು ಬಿಡಿಸು. ಒಂದು ಅಳಿವೆ ಇತ್ತು."

"ಅಳಿವೆ ಎಂದರೆ?" ಚೆನ್ನವೀರ ಕಡಲು ನೋಡಿದವನಲ್ಲ.

"ನದಿ ಕಡಲಿಗೆ ಸೇರುವ ಬಾಯಿ. ಅಲ್ಲಿ ನೀರಿನಡಿ ಮರಳಿನ ದಿಣ್ಣೆಗಳಿರುತ್ತವೆ. ನದಿ ಮರಳು ತರುತ್ತದೆ, ಕಡಲು ಅದನ್ನು ಹಿಂದಕ್ಕೆ ನೂಕುತ್ತದೆ. ಇಬ್ಬರ ಹಟದಲ್ಲಿ ದಿಣ್ಣೆ ಒಂದು ಕಡೆ ನಿಲ್ಲುವುದಿಲ್ಲ. ನೀರು ಕದಡಿರುತ್ತದೆ, ತಳ ಕಾಣಿಸುವುದಿಲ್ಲ. ದಿಣ್ಣೆಗಳ ನಡುವೆ ಆಳದ ಒಂದು ದಾರಿ ಇರುತ್ತದೆ. ಅದು ತಪ್ಪಿದ ದೋಣಿ ಮರಳಿಗೆ ಬಡಿದು ನಿಲ್ಲುತ್ತದೆ. ನಿಂತ ದೋಣಿಯನ್ನು ಅಲೆ ಮಗುಚುತ್ತದೆ."

ಆಮೇಲೆ ಗುರುಗಳು ಈ ಕತೆ ಹೇಳಿದರು.

ಆ ಅಳಿವೆಯ ದಾರಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನನ್ನು ಊರಿನವರು ಯಜಮಾನ ಎಂದು ಕರೆಯುತ್ತಿದ್ದರು. ಅವನ ಅಪ್ಪನಿಗೆ ಗೊತ್ತಿತ್ತು, ಅಜ್ಜನಿಗೆ ಗೊತ್ತಿತ್ತು. ಮೀನು ಹಿಡಿದು ಬಂದ ದೋಣಿಗಳು ಅಳಿವೆಯ ಹೊರಗೆ ಕಾದು ನಿಲ್ಲುತ್ತಿದ್ದವು. ಕಡಲು ಏರುವ ಹೊತ್ತಿಗೆ ಯಜಮಾನ ತನ್ನ ಸಣ್ಣ ದೋಣಿಯಲ್ಲಿ ಬಂದು, ಒಂದೊಂದನ್ನೇ ಒಳಗೆ ಕರೆತರುತ್ತಿದ್ದ. ಕರೆತಂದದ್ದಕ್ಕೆ ಒಂದು ಬುಟ್ಟಿ ಮೀನು. ಕೊನೆಯ ದೋಣಿಯ ಸರದಿ ಬರುವಷ್ಟರಲ್ಲಿ ಅದರ ಮೀನು ಬಿಸಿಲಿಗೆ ಮೆತ್ತಗಾಗಿರುತ್ತಿತ್ತು.

ಯಜಮಾನ ಕೆಟ್ಟವನಲ್ಲ. ಅವನ ಹಿಂದೆ ಬಂದ ದೋಣಿ ಎಂದೂ ಮುಳುಗಿರಲಿಲ್ಲ. ದಾರಿಯನ್ನು ಯಾರಿಗೂ ಕಲಿಸಲಿಲ್ಲ, ನಿಜ. ಅರ್ಧ ತಿಳಿದವನು ನಾಲ್ಕು ಜನರನ್ನು ಕೂರಿಸಿಕೊಂಡು ಹೋಗಿ ಮುಳುಗಿಸುತ್ತಾನೆ ಎಂದು ಅವನು ಮನಸಾರೆ ನಂಬಿದ್ದ.

ಒಂದು ದಿನ ಯಜಮಾನನಿಗೆ ಜ್ವರ ಬಂತು. ಹೊರಗೆ ದೋಣಿಗಳು ಕಾದವು. ಕಡಲು ಏರಿತು. ಯಜಮಾನ ಬರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ನೀರು ಇಳಿಯತೊಡಗಿದರೆ ಆ ದಿನದ ಮೀನೆಲ್ಲ ಕಡಲಿಗೆ ಚೆಲ್ಲಬೇಕು.

ಕಾದವರಲ್ಲಿ ಒಬ್ಬ ಅಂಬಿಗನಿದ್ದ. ಅವನು ದೋಣಿಯನ್ನು ಅಳಿವೆಗೆ ತಿರುಗಿಸಿದ.

"ಹೇ, ಹೋಗಬೇಡ ಮಾರಾಯ! ನಿನ್ನ ಹೆಂಡತಿಗೆ ನಾವು ಏನು ಹೇಳೋದು?" ಎಂದು ಹಿಂದಿನ ದೋಣಿಯಿಂದ ಅವನ ಭಾವ ಕೂಗಿದ. ಭಾವ ಎಂದರೆ ಅವನ ತಂಗಿಯ ಗಂಡ.

"ಸಾರಿಗೆ ನೀರು ಹೆಚ್ಚು ಹಾಕು ಅಂತ ಹೇಳು. ಬರ್ತೇನೆ."

ಅವನು ಉದ್ದನೆಯ ಗಳೆಯನ್ನು ನೀರಿಗಿಳಿಸಿ ತಳ ಮುಟ್ಟಿ ನೋಡುತ್ತ ಮುಂದೆ ಹೋದ. ಒಂದು ಕಡೆ ದೋಣಿಯ ಮೂತಿ ಮರಳಿಗೆ ತಾಗಿತು. ಹೇಗೋ ನೂಕಿ ಬಿಡಿಸಿಕೊಂಡ. ಬೇರೆಯವನಾಗಿದ್ದರೆ ಬೈದು ಮುಂದೆ ಹೋಗುತ್ತಿದ್ದ. ಅವನ ದೋಣಿಯಲ್ಲಿ ಬಲೆ ಕಟ್ಟುವ ಬಿದಿರಿನ ಕೋಲೊಂದು ಇತ್ತು. ಅದನ್ನು ಆ ಮರಳಿನ ಅಂಚಿಗೆ ಚುಚ್ಚಿ ನಿಲ್ಲಿಸಿದ. ಅದರ ತುದಿಗೆ ಹೆಂಡತಿಯ ಹಳೆಯ ಸೀರೆಯ ಕೆಂಪು ಚೂರೊಂದನ್ನು ಕಟ್ಟಿದ.

"ಭಾವಾ! ಇದನ್ನು ಎಡಗೈಗೆ ಬಿಟ್ಟು ಬಾ!"

ಭಾವ ಬಂದ. ಅವನಿಗೆ ಮುಂದೆ ಇನ್ನೊಂದು ದಿಣ್ಣೆ ಸಿಕ್ಕಿತು. ಅವನು ಅಲ್ಲೊಂದು ಕೋಲು ನೆಟ್ಟು, ತನ್ನ ಲುಂಗಿಯ ಅಂಚು ಹರಿದು ಕಟ್ಟಿದ. ಹಿಂದಿನವನಿಗೆ ಕೂಗಿದ. ಹಿಂದಿನವನು ಅವನ ಹಿಂದಿನವನಿಗೆ ಕೂಗಿದ. ನೀರು ಇಳಿಯುವ ಮೊದಲು ಎಲ್ಲ ದೋಣಿಗಳೂ ಒಳಗೆ ಬಂದಿದ್ದವು. ದಡದಲ್ಲಿ ಹೆಂಗಸರು ಮೀನು ಮುಟ್ಟಿ ನೋಡಿ ನಂಬಲಿಲ್ಲ. ಕೊನೆಯ ದೋಣಿಯ ಮೀನೂ ಗಟ್ಟಿಯಾಗಿತ್ತು.

ಮರುದಿನದಿಂದ ಊರಿಗೆ ಬೇರೆ ಮಾತೇ ಇರಲಿಲ್ಲ. ನೀರು ಇಳಿದಾಗ ಮರಳಲ್ಲಿ ನಡೆದು ಚಿಪ್ಪು ಹೆಕ್ಕುವ ಹೆಂಗಸರು ಬಂದರು. ಅವರ ಕಾಲಿಗೆ ಗೊತ್ತಿದ್ದ ಗುಂಡಿಗಳು ಯಾರ ತಲೆಯಲ್ಲೂ ಇರಲಿಲ್ಲ. ಯಾರೂ ಅವರನ್ನು ಎಂದೂ ಕೇಳಿರಲಿಲ್ಲ. ಅವರು ಸೆರಗಿನ ಚೂರು ಕಟ್ಟಿ ಕೋಲು ನೆಟ್ಟರು. ದಾಟಿಸುವ ದೋಣಿಯವನು ಮೇಲಿನ ತಿರುವಿಗೆ ನೆಟ್ಟ. ಉಪ್ಪು ಸಾಗಿಸುವವನು ಬಂಡೆಯ ಪಕ್ಕಕ್ಕೆ ನೆಟ್ಟ. ಏನೂ ಗೊತ್ತಿಲ್ಲದವರು ಬಿದಿರು ಕಡಿದು ತಂದು ಕೊಟ್ಟರು. ಗಡಂಗಿನಲ್ಲಿ ಕುಡಿದು ಬಂದ ಒಬ್ಬ ಒಣ ಮರಳಲ್ಲಿ ತಲೆಕೆಳಗಾಗಿ ಒಂದು ಕೋಲು ನೆಟ್ಟು, ಅದರ ಕಾವಲಿಗೆ ತಾನೇ ಮಲಗಿದ. ಆಚೆ ದಡದ ಪೋಕರಿಗಳು ತಮಾಷೆಗೆ ಕೆಲವು ಕೋಲುಗಳನ್ನು ಅಡ್ಡಾದಿಡ್ಡಿ ನೆಟ್ಟು ಹೋದರು. ಮಧ್ಯಾಹ್ನದೊಳಗೆ ಅವು ಹೋಗಿದ್ದವು. ಚಿಂದಿ ಇಲ್ಲದ ಕೋಲು ಯಾರದೂ ಅಲ್ಲವೆಂದು ಕಂಡವರು ಕಿತ್ತೆಸೆದಿದ್ದರು.

ಜ್ವರ ಬಿಟ್ಟ ಯಜಮಾನ ದಡಕ್ಕೆ ಬಂದು ನಿಂತ. ಅಳಿವೆಯ ತುಂಬ ಬಣ್ಣದ ಚಿಂದಿಗಳು ಹಾರುತ್ತಿದ್ದವು.

"ಇದೇನು, ಕಡಲಿಗೆ ಬಟ್ಟೆ ಒಣಹಾಕಿದ್ದೀರಾ?" ಎಂದ. ಯಾರೂ ನಗಲಿಲ್ಲ. "ಕಂಡಕಂಡವರು ನೆಟ್ಟ ಕೋಲು ನಂಬಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರ್ತೀರಾ? ನಾಳೆ ಒಬ್ಬ ಮುಳುಗಿದರೆ ಯಾರನ್ನು ಕೇಳ್ತೀರಿ?"

"ನಂಬಬೇಡಿ ಯಜಮಾನರೇ," ಎಂದ ಅಂಬಿಗ. "ಗಳೆ ಹಾಕಿ ನೋಡಿ."

ಯಜಮಾನ ಹಾಕಿ ನೋಡಿದ. ಹೆಚ್ಚಿನವು ಸರಿಯಾಗಿದ್ದವು. ಅವನು ಗಳೆ ಹೆಗಲಿಗಿಟ್ಟು ಮನೆಗೆ ಹೋದ.

ಆ ಊರಿಗೆ ಒಂದು ಕಟ್ಟಳೆ ಇತ್ತು. ಹೊಳೆಯಲ್ಲಿ ಬಲೆ ಕಟ್ಟಲು ಕೋಲು ನೆಟ್ಟವನು ಅದಕ್ಕೆ ತನ್ನ ಮನೆಯ ಬಟ್ಟೆಯ ಚೂರು ಕಟ್ಟುತ್ತಿದ್ದ. ಆ ಚೂರು ಇರುವ ತನಕ ಅದು ಅವನ ಕೋಲು. ಇನ್ನೊಬ್ಬರ ಕೋಲು ಮುಟ್ಟಿದರೆ ಅವರ ಬಲೆಯ ಮೀನು ಕದ್ದಂತೆ. ತಲೆಮಾರುಗಳಿಂದ ಯಾರೂ ಅದನ್ನು ಮೀರಿರಲಿಲ್ಲ. ದಾರಿಯ ಕೋಲಿಗೂ ಅವರು ಅದೇ ಕಟ್ಟಳೆ ಇಟ್ಟುಕೊಂಡರು. ಇಟ್ಟುಕೊಂಡೆವು ಎಂಬುದೇ ಅವರಿಗೆ ತಿಳಿಯಲಿಲ್ಲ.

ಅಂಬಿಗನ ಕೆಂಪು ಚಿಂದಿಯ ಕೋಲಿಗೆ ಎಲ್ಲಕ್ಕಿಂತ ಹೆಚ್ಚು ಮರ್ಯಾದೆ. ಅದು ಮೊದಲ ಕೋಲು. ಅವನನ್ನು ಮೊದಲ ಕೋಲಿನವನು ಎಂದೇ ಕರೆಯತೊಡಗಿದರು. ಅದು ಅಲುಗದಂತೆ ಆಳಕ್ಕೆ ಹೊಡೆದರು. ಹೆಂಗಸರು ಅದಕ್ಕೆ ಕುಂಕುಮ ಹಚ್ಚಿದರು. ಅಂಬಿಗ ಬೇಡವೆನ್ನಲಿಲ್ಲ.

ಮಳೆಗಾಲ ಬಂತು. ದೋಣಿಗಳನ್ನು ದಡಕ್ಕೆ ಎಳೆದರು. ಅಂಬಿಗ ದೂರದ ಊರಿಗೆ ಹೆಂಡತಿಯ ತವರಿಗೆ ಹೋದ. ನದಿ ತುಂಬಿ ಹರಿಯಿತು. ಕೋಲುಗಳಲ್ಲಿ ಬಹಳಷ್ಟು ಕೊಚ್ಚಿ ಹೋದವು. ಮೊದಲ ಕೋಲು ಮಾತ್ರ ನಿಂತಲ್ಲೇ ನಿಂತಿತ್ತು. ಅದರ ಬುಡದ ಮರಳು ಬಲಕ್ಕೆ ಬೆಳೆದು, ದಾರಿಯನ್ನು ಮುಚ್ಚಿಬಿಟ್ಟಿತ್ತು.

ಚಿಪ್ಪು ಹೆಕ್ಕುವ ಹೆಂಗಸರು ಅದನ್ನು ಕಂಡರು. ದಾಟಿಸುವ ದೋಣಿಯವನೂ ಕಂಡ. ಎಲ್ಲರೂ ತಮ್ಮ ತಮ್ಮ ಕೋಲುಗಳನ್ನು ಹೊಸ ಜಾಗದಲ್ಲಿ ನೆಟ್ಟುಕೊಂಡರು. ಕೆಂಪು ಚಿಂದಿಯ ಕೋಲಿನ ಪಕ್ಕ ಹಾದು ಹೋಗುವಾಗ ಕೈ ಮುಗಿದು ಹೋದರು.

ನೂಲು ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟು ದೋಣಿಗಳು ಮತ್ತೆ ಹೊರಟವು. ಅಂಬಿಗ ಆ ದಿನ ಬೆಳಿಗ್ಗೆಯಷ್ಟೇ ಊರಿಗೆ ಬಂದು, ದಡದಲ್ಲಿ ತನ್ನ ದೋಣಿಗೆ ಎಣ್ಣೆ ಬಳಿಯುತ್ತಿದ್ದ. ಸಂಜೆ ಎಲ್ಲರಿಗಿಂತ ಮೊದಲು ಅವನ ಭಾವ ಮರಳಿ ಬಂದ. ಮಳೆಗಾಲವಿಡೀ ಕಾಲುನೋವಿನಿಂದ ಅವನು ಹೊಳೆಗೆ ಇಳಿದಿರಲಿಲ್ಲ. ಬೆಳಿಗ್ಗೆ ಹೊರಟಾಗ ನೀರು ತುಂಬಿತ್ತು, ಮುಂದಿನ ದೋಣಿಯ ಬೆನ್ನು ಹಿಡಿದು ಹೋಗಿದ್ದ. ಕೆಂಪು ಚಿಂದಿ ಕಂಡಿತು. ಅಭ್ಯಾಸದಂತೆ ಎಡಗೈಗೆ ಬಿಟ್ಟು ಜೋರಾಗಿ ಬಂದ.

ದೋಣಿ ಬಡಿದ ಸದ್ದು ದಡಕ್ಕೆ ಕೇಳಿಸಿತು. ಎರಡನೆಯ ಅಲೆಗೆ ಮಗುಚಿತು. ಭಾವನನ್ನು ಎಳೆದು ತಂದರು. ಜೀವ ಉಳಿಯಿತು. ದೋಣಿಯ ಅಂಚು ಅವನ ಬಲ ಹೆಗಲಿನ ಮೇಲೆ ಬಿದ್ದಿತ್ತು. ಆ ಕೈ ಮತ್ತೆ ಹುಟ್ಟು ಹಿಡಿಯಲಿಲ್ಲ.

ಅಂಬಿಗ ದಡದಲ್ಲಿ ನಿಂತು ಕೇಳಿದ: "ಮರಳು ಬೆಳೆದದ್ದು ನಿಮಗೆ ಯಾರಿಗೂ ಗೊತ್ತಿರಲಿಲ್ಲವಾ?"

ಚಿಪ್ಪು ಹೆಕ್ಕುವ ಮುದುಕಿಯೊಬ್ಬಳು ಹೇಳಿದಳು: "ಎಲ್ಲರಿಗೂ ಗೊತ್ತಿತ್ತು."

"ಮತ್ತೆ ಯಾಕೆ ಕೀಳಲಿಲ್ಲ?"

"ಅದು ನಿನ್ನದಲ್ವಾ ಮಗಾ. ನಿನ್ನನ್ನು ಕೇಳೋಣ ಅಂತ ಎರಡು ಸಲ ನಿನ್ನ ಮನೆ ಬಾಗಿಲಿಗೆ ಹೋದೆ. ನೀನು ಊರಲ್ಲಿ ಇರಲಿಲ್ಲ."

ಇಲ್ಲಿಗೆ ಬಂದಾಗ ಚೆನ್ನವೀರನ ಕೈ ನಿಂತಿತು. ಗುರುಗಳು ಮೊರದ ಕಡೆ ನೋಡಿದರು. ಅವನು ಮತ್ತೆ ಬಿಡಿಸತೊಡಗಿದ. ಗುರುಗಳು ಮುಂದುವರಿಸಿದರು.

ಆ ಸಂಜೆಯೇ ಯಜಮಾನ ಅಂಬಿಗನ ಮನೆಗೆ ಬಂದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ.

"ನೋಡಿದೆಯಾ? ನಾನು ಹೇಳಿದ್ದು ಇದನ್ನೇ. ಕೆಲಸ ಚೆನ್ನಾಗಿಯೇ ಮಾಡಿದ್ದೀಯ. ಆದರೆ ಇದಕ್ಕೊಬ್ಬ ಒಡೆಯ ಬೇಕು. ನಾಳೆ ಎಲ್ಲ ಕೋಲು ಕೀಳಿಸೋಣ. ನಾನೂ ನೀನೂ ಇಬ್ಬರೇ ನೆಡೋಣ. ಬೇರೆ ಯಾರೂ ಮುಟ್ಟುವುದು ಬೇಡ. ತಪ್ಪಾದರೆ ಜನ ನಮ್ಮಿಬ್ಬರನ್ನು ಕೇಳಲಿ."

ಅಂಬಿಗನಿಗೆ ಅದು ಸರಿಯೆನ್ನಿಸಿತು. ಒಳಕೋಣೆಯಲ್ಲಿ ಭಾವ ನರಳುವುದು ಕೇಳುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಭಾವನೇ ಕೂಗಿದ:

"ಯಜಮಾನರೇ, ನಿಮಗೆ ಜ್ವರ ಬಂದು, ಇವನು ಅತ್ತೆಮನೆಗೆ ಹೋದರೆ?"

ಯಜಮಾನ ಎದ್ದು ಮನೆಗೆ ಹೋದ.

ಬೆಳಿಗ್ಗೆ ನೀರು ಇಳಿದಾಗ ಅಂಬಿಗ ಮರಳಿನ ಮೇಲೆ ನಡೆದು ಮೊದಲ ಕೋಲಿನ ಹತ್ತಿರ ಹೋದ. ಊರು ನೋಡುತ್ತಿತ್ತು. ಕೆಂಪು ಚಿಂದಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಕೋಲು ಕಿತ್ತ. ಆಳಕ್ಕೆ ಹೊಡೆದಿದ್ದರು, ಕೀಳಲು ಹೆಣಗಬೇಕಾಯಿತು. ಅದನ್ನು ಹೊಸ ಅಂಚಿಗೆ ತಂದು, ಚಿಂದಿಯಿಲ್ಲದೆ ನೆಟ್ಟ.

"ಇನ್ನು ಇದು ನನ್ನದಲ್ಲ," ಎಂದು ದಡದ ಕಡೆಗೆ ಕೂಗಿದ. "ತಪ್ಪು ಕಂಡವರು ಕೀಳಿ. ಕೀಳುವ ಮೊದಲು ಗಳೆ ಹಾಕಿ ನೋಡಿ. ಕಿತ್ತ ಮೇಲೆ ಬಿಸಾಡಬೇಡಿ, ಸರಿಯಾದ ಕಡೆ ನೆಡಿ. ನನ್ನ ಮನೆ ಬಾಗಿಲಿಗೆ ಬರಬೇಡಿ!"

ಮೊದಲಿಗೆ ಯಾರೂ ಒಪ್ಪಲಿಲ್ಲ. ನನ್ನ ಕೋಲು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದ ಉಪ್ಪಿನವನು. ಮುದುಕಿ ಮೊದಲು ತನ್ನ ಸೆರಗಿನ ಚೂರು ಬಿಚ್ಚಿಕೊಂಡಳು. "ತಲೆಗೆ ಕಟ್ಟಿಕೊಳ್ಳೋಕೆ ಆಗುತ್ತೆ," ಎಂದಳು. ಆಮೇಲೆ ಒಬ್ಬೊಬ್ಬರೇ ಬಿಚ್ಚಿದರು. ಉಪ್ಪಿನವನು ಕೊನೆಗೆ, ಯಾರೂ ನೋಡದ ಹೊತ್ತಿನಲ್ಲಿ ಬಿಚ್ಚಿದ.

ಜಗಳಗಳಾದವು. ಇಲ್ಲಿ ಆಳವಿದೆ ಎಂದು ಒಬ್ಬ, ಇಲ್ಲ ಎಂದು ಇನ್ನೊಬ್ಬ. ಬೆಳಿಗ್ಗೆ ಒಬ್ಬ ನೆಟ್ಟದ್ದನ್ನು ಸಂಜೆ ಇನ್ನೊಬ್ಬ ಕಿತ್ತ. ಅದಕ್ಕೂ ಒಂದು ಕ್ರಮ ಹುಟ್ಟಿತು. ಜಗಳವಾಡಿದ ಇಬ್ಬರೂ ಒಂದೇ ದೋಣಿಯಲ್ಲಿ ಕೂತು ಹೋಗಿ, ಒಂದೇ ಗಳೆ ಹಿಡಿದು ತಳ ಮುಟ್ಟಿ ನೋಡಬೇಕು. ಹಿತ್ತಲ ಬೇಲಿಯ ವ್ಯಾಜ್ಯದಲ್ಲಿ ಮಾತು ಬಿಟ್ಟಿದ್ದ ದಾಯಾದಿಗಳಿಬ್ಬರು ಹೀಗೆ ಒಂದು ದೋಣಿ ಹತ್ತಬೇಕಾಯಿತು. ಹೋಗುವಾಗ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರು. ಬರುವಾಗ ಇಬ್ಬರೂ ಸೇರಿ ಉಪ್ಪಿನವನನ್ನು ಬೈಯುತ್ತ ಬಂದರು.

ಅಳಿವೆ ಹೀಗೆ ನಡೆಯಿತು. ಮರಳು ಸರಿದಂತೆ ಕೋಲುಗಳೂ ಸರಿದವು. ಕಡಲು ರಾತ್ರೋರಾತ್ರಿ ಮಾಡಿದ್ದನ್ನು ಊರು ಬೆಳಗಾದ ಕೂಡಲೇ ಹಿಡಿಯುತ್ತಿತ್ತು. ನೆರೆಯ ಅಳಿವೆಗಳವರು ನೋಡಲು ಬಂದರು. ನೋಡಿ ಹೋಗಿ ತಾವೂ ನೆಟ್ಟರು. ಆ ಕರಾವಳಿಯಲ್ಲಿ ಮೊದಲು ದೋಣಿಯೇ ಹೋಗದಿದ್ದ ಬಾಯಿಗಳಲ್ಲೂ ದೋಣಿಗಳು ಒಳಗೆ ಬಂದವು.

ಯಜಮಾನ ಒಂದು ವರ್ಷ ಜಗಲಿಯಿಂದ ಇಳಿಯಲಿಲ್ಲ. ಅಲ್ಲಿಂದ ಅಳಿವೆ ಕಾಣುತ್ತಿತ್ತು. ಒಂದು ದಿನ ಅವನ ಕಣ್ಣಿಗೆ ಒಂದು ಕೋಲು ತುಸು ಆಚೆಗೆ ನಿಂತಂತೆ ಕಂಡಿತು. ಊಟಕ್ಕೆ ಕೂತವನು ಎದ್ದು ಬಂದು ಮತ್ತೆ ನೋಡಿದ. ಕೈ ತೊಳೆದು ಮತ್ತೆ ನೋಡಿದ. ಕೊನೆಗೆ ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಕೋಲು ಕಿತ್ತು ಸರಿ ಮಾಡಿ ಬಂದ. ದಡದಲ್ಲಿದ್ದವರು ಬಲೆಯ ಕಡೆ ತಲೆ ತಗ್ಗಿಸಿ ಕೂತರು. ಮರುದಿನ ಅವನು ಮತ್ತೆ ಇಳಿದ. ಆಮೇಲೆ ಅವನನ್ನು ಊಟಕ್ಕೆ ಕರೆಯಲು ಮನೆಯವರು ದಡಕ್ಕೇ ಬರಬೇಕಾಯಿತು.

ವರ್ಷಗಳು ಕಳೆದವು. ಅಂಬಿಗನ ಮಗಳನ್ನು ಬಡಗಣ ಊರಿಗೆ ಕೊಟ್ಟಿದ್ದರು. ಅವಳ ಚೊಚ್ಚಲ ಹೆರಿಗೆಗೆ ಅಂಬಿಗ ಅವಳನ್ನು ದೋಣಿಯಲ್ಲಿ ಕರೆದುಕೊಂಡು ಬರುತ್ತಿದ್ದ. ಹೊರಡುವಾಗ ಬಾನು ತಿಳಿಯಾಗಿತ್ತು. ಅರ್ಧ ದಾರಿಯಲ್ಲಿ ಮಂಜು ಇಳಿಯಿತು. ಅಳಿವೆ ಹತ್ತಿರವಾದಾಗ ಮಗಳಿಗೆ ನೋವು ಶುರುವಾಯಿತು. ನೀರು ಆಗಲೇ ಇಳಿಯತೊಡಗಿತ್ತು. ಕಾದರೆ ದಾರಿ ಮುಚ್ಚುತ್ತದೆ. ಹೊರಗೆ ಅಲೆ ಏಳುತ್ತಿತ್ತು. ಸೂಲಗಿತ್ತಿ ಇದ್ದದ್ದು ಒಳಗೆ, ಊರಿನಲ್ಲಿ. ಅಂಬಿಗ ಒಳಗೆ ತಿರುಗಿಸಿದ.

ಒಂದು ಕೋಲು ಕಂಡಿತು. ದಾಟಿದ. ಇನ್ನೊಂದು ಕಂಡಿತು. ದಾಟಿದ. ಉಳಿದದ್ದು ಕೊನೆಯ ತಿರುವು. ಅದರ ಕೋಲು ಅವನೇ ಮೊನ್ನೆ ನೆಟ್ಟದ್ದು. ಹಿಂದಿನ ಕೋಲಿನಿಂದ ನೇರ ಹೋದರೆ ಅದು ಎಡಗಡೆ ಸಿಗಬೇಕು. ಅವನು ನೇರ ಹೋದ. ಕೋಲು ಬಲಗಡೆ, ದೂರದಲ್ಲಿ, ಮಂಜಿನೊಳಗೆ ಕಂಡಿತು. ನಡು ಡೊಂಕಾದ ಬಿದಿರು. ಅವನದೇ.

ಅಂಬಿಗನಿಗೆ ತಲೆ ಕೆಟ್ಟಿತು.

"ನಾನು ನೆಟ್ಟದ್ದನ್ನು ಮುಟ್ಟಿದವನು ಯಾರು? ನಾನೇ ಗಳೆ ಹಾಕಿ ನೋಡಿ ನೆಟ್ಟದ್ದು! ಯಾವ ಬೇವರ್ಸಿ..."

"ಅಪ್ಪಾ," ಎಂದಳು ಮಗಳು, ಹಲ್ಲು ಕಚ್ಚಿ. "ಬೈಯೋದು ಆಮೇಲೆ. ಗಳೆ ಹಾಕಿ ನೋಡು."

ತನ್ನ ನೆನಪಿನಲ್ಲಿ ಎಲ್ಲಿ ಆಳವಿತ್ತೋ ಅಲ್ಲಿ ಅವನು ಗಳೆ ಇಳಿಸಿದ. ಗಳೆ ಮೊಣಕಾಲುದ್ದವೂ ಇಳಿಯಲಿಲ್ಲ. ಮರಳು.

ಅವನು ಗಳೆ ಮೇಲೆತ್ತಿದ. ದೋಣಿಯನ್ನು ಬಲಕ್ಕೆ ತಿರುಗಿಸಿದ. ಡೊಂಕು ಬಿದಿರನ್ನು ಎಡಗೈಗೆ ಬಿಟ್ಟು ಬಂದ. ಪಕ್ಕದಲ್ಲಿ ಹಾಯುವಾಗ ಮಗಳು ಕೈ ಚಾಚಿ ಅದನ್ನು ಒಮ್ಮೆ ಮುಟ್ಟಿದಳು. ದೋಣಿ ದಡ ಸೇರಿತು. ಹೆಂಗಸರು ಅವಳನ್ನು ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಮಗುವಿನ ಅಳು ಕೇಳಿಸಿತು.

ಅಂಬಿಗ ದಡದಲ್ಲಿದ್ದವರನ್ನು ಕೇಳಿದ: "ಕೊನೆಯ ತಿರುವಿನ ಕೋಲು ಸರಿಸಿದವರು ಯಾರು?"

ಯಜಮಾನ ಪಂಚೆ ಹಿಂಡುತ್ತಿದ್ದ. "ಯಾವ ಕೋಲು?" ಎಂದ. ಮುದುಕಿ ಬುಟ್ಟಿಯ ಚಿಪ್ಪು ತೊಳೆಯುತ್ತಿದ್ದಳು. ದಾಯಾದಿಗಳು ದೋಣಿ ಎಳೆಯುತ್ತಿದ್ದರು. ಭಾವ ಎಡಗೈಯಲ್ಲಿ ಒಂದು ಹೊಸ ಬಿದಿರು ಹಿಡಿದು ನಿಂತಿದ್ದ. ಅಲ್ಲಿದ್ದವರೆಲ್ಲರ ಕಾಲುಗಳೂ ಒದ್ದೆಯಾಗಿದ್ದವು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮೊರದ ಹುಣಸೆ ಮುಗಿದಿತ್ತು. ಓದುವ ಕೋಣೆಯ ಫ್ಯಾನು ತಿರುಗತೊಡಗಿದ ಸದ್ದು ಬಂತು. ಕರೆಂಟು ಬಂದಿತ್ತು. ಚೆನ್ನವೀರ ಆ ಕಡೆ ನೋಡಿದ. ಆದರೆ ಏಳಲಿಲ್ಲ.

"ಗುರುಗಳೇ, ಎಲ್ಲಕ್ಕಿಂತ ಮೊದಲು ನೆಟ್ಟವನು ಅವನು. ಇಷ್ಟು ವರ್ಷ ದುಡಿದ. ಕೊನೆಗೆ ಆ ಊರು ಅವನಿಗೆ ಕೊಟ್ಟದ್ದೇನು?"

"ಅವನು ನೆಟ್ಟ ಕೋಲನ್ನು, ಅವನನ್ನು ಕೇಳದೆ, ಸರಿಸಿ ಕೊಟ್ಟಿತು."